ಕೆಮೆಮ್‌ಲೀಕ್, ಕೇಸ್ಯಾನ್ ಮತ್ತು ಎರಡು ಮಳೆಗಾಲ: ಕರ್ನಲ್ ಮೆಮೊರಿಯ ಲೆಕ್ಕ ಹಿಡಿಯುವ ಸಲಕರಣೆಗಳ ವಿಮರ್ಶೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯ ಒಳಭಾಗದಲ್ಲಿ ನಮ್ಮ ಮನೆಯವರ ಅಡಿಕೆ ತೋಟವಿದೆ. ಅಲ್ಲಿನ ಪಂಪ್‌ಸೆಟ್ ಮನೆಯ ಗೋಡೆಗೆ ಬಿಗಿದ ಪೆಟ್ಟಿಗೆಯೊಳಗೆ 512 ಎಂಬಿ ಮೆಮೊರಿಯ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು ಬೋರ್ಡ್ ಒಂದು ಹಗಲೂ ರಾತ್ರಿ ಕೆಲಸ ಮಾಡುತ್ತದೆ. ತೋಟದೊಳಗಿನ ತೇವಾಂಶವನ್ನೂ ಉಷ್ಣತೆಯನ್ನೂ ಹತ್ತು ಸೆಕೆಂಡಿಗೊಮ್ಮೆ ಓದಿ ಬರೆದಿಡುವುದು ಅದರ ಕೆಲಸ. ಆ ಅಂಕಿಗಳನ್ನು ನೋಡಿಕೊಂಡು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವನ್ನು ನಿಶ್ಚಯಿಸುವುದು ಚಿಕ್ಕಪ್ಪನ ಕೆಲಸ. ಸೆನ್ಸರ್‌ಗಳನ್ನು ಓದುವ ಲಿನಕ್ಸ್ ಡ್ರೈವರನ್ನು, ಎಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೇರಿ ಸಾಧನದೊಂದಿಗೆ ವ್ಯವಹರಿಸುವ ಕೋಡನ್ನು, ಶಿವಮೊಗ್ಗದ ಮನೆಯಲ್ಲಿ ಕುಳಿತು ಬರೆದವನು ನಾನು. ಆ ಡ್ರೈವರ್ ಮೆಮೊರಿಯನ್ನು ಪಡೆದು ಸರಿಯಾಗಿ ಹಿಂದಿರುಗಿಸುತ್ತಿರಲಿಲ್ಲ ಎಂಬುದು ಮೊದಲ ಮಳೆಗಾಲದಲ್ಲಿ ತಿಳಿಯಿತು. ಹಿಂದಿರುಗಿಸಬಾರದ ಹೊತ್ತಿನಲ್ಲಿ ಹಿಂದಿರುಗಿಸುತ್ತಿತ್ತು ಎಂಬುದು ಎರಡನೆಯ ಮಳೆಗಾಲಕ್ಕೆ ಮೊದಲು ತಿಳಿಯಿತು. ಈ ಎರಡು ತಪ್ಪುಗಳನ್ನು ಹಿಡಿದುಕೊಟ್ಟ ಸಲಕರಣೆಗಳನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಇವೆಲ್ಲವೂ ಲಿನಕ್ಸ್ ಕರ್ನಲ್‌ನ ಮೂಲದೊಂದಿಗೇ ಬರುತ್ತವೆ, ಹಣ ಕೊಟ್ಟು ಕೊಳ್ಳಬೇಕಾದದ್ದು ಯಾವುದೂ ಇಲ್ಲ. ಆದರೆ ಬೋರ್ಡಿನ ಮೆಮೊರಿಯ ರೂಪದಲ್ಲಿ, ವೇಗದ ರೂಪದಲ್ಲಿ ಮತ್ತು ಬಳಸುವವರ ತಾಳ್ಮೆಯ ರೂಪದಲ್ಲಿ ಇವು ಬೆಲೆಯನ್ನು ಕೇಳಿಯೇ ಕೇಳುತ್ತವೆ, ಆದ್ದರಿಂದ ಕೊಟ್ಟ ಬೆಲೆಗೆ ಏನು ಸಿಗುತ್ತದೆ ಎಂದು ವಿವರವಾಗಿ ಹೇಳಬೇಕಾಗಿದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ತೋಟಕ್ಕೆ ಬೀಳುವುದೂ ಅದಕ್ಕಿಂತ ತೀರ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಕೂರಿಸಿದ ಪೆಟ್ಟಿಗೆ ಮೃಗಶಿರ ಮಳೆಯವರೆಗೂ ಒಂದು ದಿನವೂ ತಪ್ಪದೆ ನಡೆಯಿತು. ಆಷಾಢದ ನಡುವೆ ಒಂದು ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು.

"ಅಪ್ಪಿ, ನಿನ್ನೆ ಮಧ್ಯಾಹ್ನದಿಂದ ಅಂಕಿ ಬರ್ತಾ ಇಲ್ಲ ಮಾರಾಯ."

"ಕರೆಂಟ್ ಹೋಗಿತ್ತಾ ಚಿಕ್ಕಪ್ಪ?"

"ಇಲ್ಲ, ಪೆಟ್ಟಿಗೆ ಲೈಟ್ ಉರೀತಾನೇ ಇದೆ. ಮಾತೇ ಆಡ್ತಾ ಇಲ್ಲ."

ಸ್ವಿಚ್ ಆರಿಸಿ ಹಾಕಿದರೆ ಸರಿಯಾಗುತ್ತಿತ್ತು, ಸುಮಾರು ಒಂದು ತಿಂಗಳಿಗೆ ಮತ್ತೆ ನಿಲ್ಲುತ್ತಿತ್ತು. ಶಿವಮೊಗ್ಗದ ಮೇಜಿನ ಮೇಲೆ ಅದೇ ಡ್ರೈವರ್ ಎರಡು ತಿಂಗಳು ನಡೆದರೂ ಏನೂ ಆಗುತ್ತಿರಲಿಲ್ಲ. ತೋಟಕ್ಕೆ ಹೋಗಿ ನೋಡಿದಾಗ ಕೊಟ್ಟ ಮೆಮೊರಿ ತುಂಡುಗಳನ್ನು ಅಳತೆವಾರು ಎಣಿಸಿಡುವ ಕರ್ನಲ್‌ನ ಸ್ಲ್ಯಾಬ್ ಲೆಕ್ಕದಲ್ಲಿ 4 ಕೆಬಿ ಅಳತೆಯ ತುಂಡುಗಳ ಸಂಖ್ಯೆ ಏರುತ್ತಲೇ ಇತ್ತು, ಒಮ್ಮೆಯೂ ಇಳಿಯುತ್ತಿರಲಿಲ್ಲ. ಕಾರಣ ಸರಳವಾಗಿತ್ತು. ಪ್ರತಿ ಓದಿಗೂ ನನ್ನ ಕೋಡ್ 4 ಕೆಬಿಯ ಒಂದು ಬಫರನ್ನು, ಎಂದರೆ ಓದಿದ್ದನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ ತುಂಡನ್ನು, ಪಡೆಯುತ್ತಿತ್ತು. ಓದು ಯಶಸ್ವಿಯಾದರೆ ಕೊನೆಯಲ್ಲಿ ಅದನ್ನು ಹಿಂದಿರುಗಿಸುತ್ತಿತ್ತು. ಸೆನ್ಸರ್ ಉತ್ತರ ಕೊಡದಿದ್ದರೆ ತಪ್ಪಿನ ಸಂಖ್ಯೆಯನ್ನು ಹಿಡಿದುಕೊಂಡು ನಡುವಿನಿಂದಲೇ ಹೊರಗೆ ಬರುತ್ತಿತ್ತು, ಬಫರ್ ಅಲ್ಲಿಯೇ ಉಳಿಯುತ್ತಿತ್ತು. ಮೇಜಿನ ಮೇಲೆ ಸೆನ್ಸರ್ ಎಂದೂ ಉತ್ತರ ತಪ್ಪಿಸುತ್ತಿರಲಿಲ್ಲ. ತೋಟದಲ್ಲಿ ಮಳೆ ಹಿಡಿದ ಮೇಲೆ ಕನೆಕ್ಟರಿನೊಳಗೆ ತೇವ ಕೂತು ಸುಮಾರು ಮೂರಕ್ಕೊಂದು ಓದು ಬಿದ್ದುಹೋಗುತ್ತಿತ್ತು. ದಿನಕ್ಕೆ 8,640 ಓದು. ಮೂರಕ್ಕೊಂದರಂತೆ 2,880 ಸೋಲು. ಒಂದು ಸೋಲಿಗೆ 4 ಕೆಬಿ ಎಂದರೆ ದಿನಕ್ಕೆ ಹನ್ನೊಂದು ಎಂಬಿಗೂ ಹೆಚ್ಚು, ತಿಂಗಳಿಗೆ 340 ಎಂಬಿಯ ಹತ್ತಿರ. 512 ಎಂಬಿಯ ಬೋರ್ಡ್ ಅಷ್ಟು ದಿನ ತಡೆದದ್ದೇ ಹೆಚ್ಚು.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಇಂಥ ತಪ್ಪು ನಡೆದರೆ, ಆ ಪ್ರೋಗ್ರಾಮ್ ಮುಗಿದ ಕ್ಷಣದಲ್ಲಿ ಅದು ಹಿಡಿದಿದ್ದ ಎಲ್ಲವನ್ನೂ ಕರ್ನಲ್ ಹಿಂದಕ್ಕೆ ಪಡೆಯುತ್ತದೆ. ಕರ್ನಲ್ ಒಳಗಿನ ಕೋಡಿಗೆ ಅಂಥ ಹಿರಿಯರು ಯಾರೂ ಇಲ್ಲ. ಡ್ರೈವರ್ ಮರೆತದ್ದು ಯಂತ್ರ ಮತ್ತೆ ಶುರುವಾಗುವವರೆಗೂ ಮರೆತದ್ದೇ. ಡ್ರೈವರನ್ನು ಕರ್ನಲ್‌ನಿಂದ ತೆಗೆದರೂ ಅದು ಕೆಮ್ಯಾಲಕ್ ಎಂಬ ಮೆಮೊರಿ ಕೊಡುವ ಫಂಕ್ಷನ್‌ನಿಂದ ಪಡೆದ ತುಂಡು ಬಿಡುಗಡೆಯಾಗುವುದಿಲ್ಲ. ನಮ್ಮ ಕಡೆ ಮದುವೆ, ಉಪನಯನಗಳಿಗೆ ದೇವಸ್ಥಾನದ ಉಗ್ರಾಣದಿಂದ ಪಾತ್ರೆ ತರುವ ರೂಢಿ ಬಲ್ಲವರಿಗೆ ಈ ವ್ಯವಹಾರ ತಕ್ಷಣ ಅರ್ಥವಾಗುತ್ತದೆ. ತಂದ ಪಾತ್ರೆಯನ್ನು ಮರೆತು ಮನೆಯಲ್ಲೇ ಇಟ್ಟುಕೊಳ್ಳುವುದು ಒಂದು ತಪ್ಪು. ಪಂಕ್ತಿಯಲ್ಲಿ ಇನ್ನೂ ಬಡಿಸುತ್ತಿರುವಾಗಲೇ ಕೊಳಗವನ್ನು ಉಗ್ರಾಣಕ್ಕೆ ಕಳುಹಿಸುವುದು ಎರಡನೆಯದು. ಒಂದೇ ಕೊಳಗವನ್ನು ಅಣ್ಣ ಒಮ್ಮೆ, ತಮ್ಮ ಒಮ್ಮೆ ಹಿಂದಿರುಗಿಸಿದ್ದೇವೆಂದು ಪುಸ್ತಕದಲ್ಲಿ ಬರೆಸುವುದು ಮೂರನೆಯದು. ಆಗ ಉಗ್ರಾಣದವರು ಇಲ್ಲದ ಎರಡನೆಯ ಕೊಳಗವನ್ನು ಇನ್ನೊಂದು ಮನೆಗೂ ಒಪ್ಪಿಕೊಳ್ಳುತ್ತಾರೆ, ಕರ್ನಲ್ ಕೂಡ ಒಂದೇ ತುಂಡನ್ನು ಇಬ್ಬರಿಗೆ ಕೊಡುವ ಸ್ಥಿತಿಗೆ ಬರುತ್ತದೆ. ಒಂದು ದೇವಸ್ಥಾನದಿಂದ ತಂದದ್ದನ್ನು ಇನ್ನೊಂದಕ್ಕೆ ಕೊಡುವುದು ನಾಲ್ಕನೆಯದು: ಕೆಮ್ಯಾಲಕ್‌ನಿಂದ ಪಡೆದದ್ದು ಅದರ ಹಿಂದಿರುಗಿಸುವ ಫಂಕ್ಷನ್ ಆದ ಕೆಫ್ರೀಗೆ, ವಿಮ್ಯಾಲಕ್‌ನಿಂದ ಪಡೆದದ್ದು ವಿಫ್ರೀಗೆ, ಎರಡರಲ್ಲಿ ಯಾವುದಾದರೂ ಆಗಬಹುದಾದ ಕೆವಿಮ್ಯಾಲಕ್‌ನದು ಕೆವಿಫ್ರೀಗೆ, ಪುಟಗಳ (ಮೆಮೊರಿಯ ನಿಗದಿತ ಅಳತೆಯ ಭಾಗಗಳ) ಲೆಕ್ಕದಲ್ಲಿ ಪಡೆದದ್ದು ಪಡೆದಷ್ಟೇ ಪುಟಗಳ ಲೆಕ್ಕದಲ್ಲಿ ಹೋಗಬೇಕು.

ಈ ನಾಲ್ಕರಲ್ಲಿ ಮೊದಲನೆಯದನ್ನು ಹಿಡಿಯುವುದಕ್ಕೆ ಇರುವುದು ಕೆಮೆಮ್‌ಲೀಕ್. ಕ್ಯಾಟಲಿನ್ ಮರಿನಾಸ್ ಬರೆದ ಇದು 2009ರಲ್ಲಿ, 2.6.31ನೆಯ ಆವೃತ್ತಿಯಿಂದ ಕರ್ನಲ್‌ನಲ್ಲಿದೆ. ಕೊಟ್ಟ ಪ್ರತಿಯೊಂದು ತುಂಡಿನ ವಿಳಾಸವನ್ನೂ ಅಳತೆಯನ್ನೂ, ಅದನ್ನು ಕೇಳಿದ ಫಂಕ್ಷನ್‌ಗಳ ಸರಣಿಯನ್ನೂ ಇದು ಬರೆದಿಟ್ಟುಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕರ್ನಲ್‌ನ ಮೆಮೊರಿಯನ್ನೆಲ್ಲ ಓದುತ್ತಾ, ಈ ತುಂಡಿನ ವಿಳಾಸ ಎಲ್ಲಿಯಾದರೂ ಬರೆದಿದೆಯೇ ಎಂದು ಹುಡುಕುತ್ತದೆ. ಎಲ್ಲಿಯೂ ವಿಳಾಸ ಉಳಿಯದ ತುಂಡನ್ನು ಯಾರೂ ಇನ್ನು ಹಿಂದಿರುಗಿಸಲಾರರು, ಆದ್ದರಿಂದ ಅದು ಸೋರಿಕೆ ಎಂಬ ತರ್ಕ. ಇದಕ್ಕೆ ಕಾಯುವ ಅಗತ್ಯವೂ ಇಲ್ಲ. ಡೀಬಗ್ ಫೈಲ್‌ಸಿಸ್ಟಮ್‌ನಲ್ಲಿರುವ ಕೆಮೆಮ್‌ಲೀಕ್ ಫೈಲಿಗೆ ಸ್ಕ್ಯಾನ್ ಎಂಬ ಪದವನ್ನು ಬರೆದರೆ ಆಗಲೇ ಹುಡುಕುತ್ತದೆ, ಕ್ಲಿಯರ್ ಎಂದು ಬರೆದರೆ ಹಳೆಯ ವರದಿಗಳನ್ನು ಬದಿಗಿಟ್ಟು ಮುಂದಿನವನ್ನು ಮಾತ್ರ ತೋರಿಸುತ್ತದೆ.

ತೋಟಕ್ಕೆ ಹೋಗದೆಯೂ ನಾನು ಮೇಜಿನ ಮೇಲೆ ಮಳೆಗಾಲವನ್ನು ತರಿಸಿಕೊಂಡೆ: ಸೆನ್ಸರಿನ ಡೇಟಾ ತಂತಿಯನ್ನು ಕಿತ್ತಿಟ್ಟರೆ ಎಲ್ಲ ಓದುಗಳೂ ಸೋಲುತ್ತವೆ. ಕ್ಲಿಯರ್ ಬರೆದು, ಒಂದು ನಿಮಿಷ ಬಿಟ್ಟು, ಎರಡು ಬಾರಿ ಸ್ಕ್ಯಾನ್ ಮಾಡಿಸಿ ಫೈಲನ್ನು ಓದಿದಾಗ ಒಂದರ ಕೆಳಗೊಂದು ವರದಿಗಳು ಬಂದವು. ಪ್ರತಿಯೊಂದರಲ್ಲೂ ಯಾರೂ ಹಿಡಿದಿರದ ತುಂಡಿನ ವಿಳಾಸ, ಅಳತೆ 4096, ಅದನ್ನು ಪಡೆದ ಕೆವರ್ಕರ್ ದಾರದ (ಡ್ರೈವರಿನ ಕೆಲಸವನ್ನು ಹಿನ್ನೆಲೆಯಲ್ಲಿ ನಡೆಸುವ ಕರ್ನಲ್ ಥ್ರೆಡ್‌ನ) ಹೆಸರು, ತುಂಡಿನ ಮೊದಲ 32 ಬೈಟ್‌ಗಳು, ಅವುಗಳ ಕೆಳಗೆ ಫಂಕ್ಷನ್‌ಗಳ ಸರಣಿ. ಆ 32 ಬೈಟ್‌ಗಳ ಬಲಗಡೆಯ ಅಕ್ಷರದ ಕಾಲಮ್ಮಿನಲ್ಲಿ, ಬಫರಿನ ತಲೆಯಲ್ಲಿ ನಾನೇ ತುಂಬಿಸುತ್ತಿದ್ದ ನಮ್ಮ ಊರಿನ ಹೆಸರು ಇತ್ತು. ಸರಣಿಯ ಮೂರನೆಯ ಸಾಲಿನಲ್ಲಿ ನನ್ನ ಓದುವ ಫಂಕ್ಷನ್ ಇತ್ತು. ಮಳೆಯಲ್ಲಿ ಎರಡು ಬಾರಿ ಅರವತ್ತು ಕಿಲೋಮೀಟರಿನಷ್ಟು ದೂರ ಹೋಗಿ ಬಂದು ಸಿಗದ ಉತ್ತರ ಹೀಗೆ ಎರಡು ನಿಮಿಷದಲ್ಲಿ ಸಿಕ್ಕಿತು. ಈ ಕೆಲಸಕ್ಕೆ ಕೆಮೆಮ್‌ಲೀಕ್‌ಗಿಂತ ಮಿಗಿಲಾದದ್ದನ್ನು ನಾನು ಬಳಸಿಲ್ಲ.

ಅದರ ಮಿತಿಗಳನ್ನೂ ಅಷ್ಟೇ ಒತ್ತಿ ಹೇಳಬೇಕು. ಅರವತ್ತು ಸೆಕೆಂಡಿನಲ್ಲಿ ಆರು ಸೋಲುಗಳಾಗಿದ್ದರೂ ವರದಿಯಲ್ಲಿ ಬಂದದ್ದು ಐದೇ. ಆರನೆಯದರ ವಿಳಾಸ ನನ್ನ ಡ್ರೈವರ್ ತನ್ನ ಮಾಹಿತಿಯನ್ನು ಒಟ್ಟಿಗೆ ಇಡುವ ಸ್ಟ್ರಕ್ಚರಿನಲ್ಲಿ 'ಹಿಂದಿನ ಬಫರ್' ಎಂಬ ಸ್ಥಾನದಲ್ಲಿ ಇನ್ನೂ ಬರೆದಿತ್ತು. ಯಾರೋ ಹಿಡಿದಿದ್ದಾರೆ ಎಂದು ಕೆಮೆಮ್‌ಲೀಕ್ ಅದನ್ನು ಬಿಟ್ಟುಬಿಟ್ಟಿತು. ವಿಳಾಸದಂತೆ ಕಾಣುವ ಯಾವ ಸಂಖ್ಯೆ ಎಲ್ಲಿ ಬಿದ್ದಿದ್ದರೂ ಅದನ್ನು ಇದು ಹಿಡಿತವೆಂದೇ ಎಣಿಸುವುದರಿಂದ, ವರದಿ ಬಂದಿಲ್ಲವೆಂದರೆ ಸೋರಿಕೆಯಿಲ್ಲ ಎಂದು ತಿಳಿಯುವ ಹಾಗಿಲ್ಲ. ಪಟ್ಟಿಗೆ ಸೇರಿಸುತ್ತಲೇ ಹೋಗಿ ಎಂದೂ ತೆಗೆಯದ ತುಂಡುಗಳನ್ನೂ ಇದು ಹಿಡಿಯದು, ಏಕೆಂದರೆ ಪಟ್ಟಿ ಅವುಗಳನ್ನು ಹಿಡಿದೇ ಇರುತ್ತದೆ. ಅವುಗಳಿಗೆ ಸ್ಲ್ಯಾಬ್ ಲೆಕ್ಕವನ್ನು ದಿನಕ್ಕೊಮ್ಮೆ ಬರೆದಿಟ್ಟು ಹೋಲಿಸುವುದೇ ದಾರಿ. ಪುಟಗಳ ಲೆಕ್ಕದಲ್ಲಿ ನೇರವಾಗಿ ಪಡೆದ ಮೆಮೊರಿ ಇದರ ಪುಸ್ತಕಕ್ಕೆ ಬರುವುದಿಲ್ಲ, ಅದಕ್ಕೆ ಪೇಜ್ ಓನರ್ ಎಂಬ ಬೇರೆಯದೇ ವ್ಯವಸ್ಥೆ ಇದೆ. ಸಣ್ಣ ಬೋರ್ಡಿನವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಪ್ರತಿ ತುಂಡಿಗೂ ಒಂದು ದಾಖಲೆ ಇಡಲು ಇದಕ್ಕೇ ಮೆಮೊರಿ ಬೇಕು, ಅದು ಸಿಗದೇ ಹೋದರೆ ಕೆಮೆಮ್‌ಲೀಕ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ, ಬೋರ್ಡನ್ನು ಮತ್ತೆ ಶುರುಮಾಡುವವರೆಗೂ ಏಳುವುದಿಲ್ಲ. ನಿಂತದ್ದನ್ನು ಗಮನಿಸದೆ 'ವರದಿಯಿಲ್ಲ' ಎಂದು ಸಮಾಧಾನ ಪಡುವ ಅಪಾಯವಿರುವುದರಿಂದ, ಕರ್ನಲ್ ಲಾಗನ್ನು ಒಮ್ಮೆ ನೋಡಿಯೇ ಫಲಿತಾಂಶವನ್ನು ನಂಬುವುದು ಒಳ್ಳೆಯದು.

ಸೋರಿಕೆಯನ್ನು ಕಂಡ ಮೇಲೆ ನಾನು ಸೋಲಿನ ದಾರಿಗಳಿಗೆಲ್ಲ ಕೆಫ್ರೀ ಹಾಕಿದೆ, ಡ್ರೈವರನ್ನು ಬಿಚ್ಚುವ ರಿಮೂವ್ ಫಂಕ್ಷನ್ನಿನಲ್ಲಿ ಡ್ರೈವರಿನ ಮುಖ್ಯ ಸ್ಟ್ರಕ್ಚರಿಗೂ ಹಾಕಿದೆ. ಮರೆವಿನ ತಪ್ಪನ್ನು ತಿದ್ದುವವರು ಅವಸರದ ತಪ್ಪಿಗೆ ಬೀಳುವುದು ಬಹಳ ಸುಲಭ, ನನ್ನ ವಿಷಯದಲ್ಲಿಯೂ ಹಾಗೆಯೇ ಆಯಿತು. ಮೇಜಿನ ಮೇಲೆ ಡ್ರೈವರನ್ನು ನೂರು ಬಾರಿ ಬಿಚ್ಚಿ ಕಟ್ಟಿದರೂ ಏನೂ ಆಗಲಿಲ್ಲ. ಆದರೂ ಮನಸ್ಸು ಒಪ್ಪದೆ ಕೇಸ್ಯಾನ್ ಸೇರಿಸಿದ ಕರ್ನಲನ್ನು ಮೂಲದಿಂದ ಕಟ್ಟಿದೆ (ಕಂಪೈಲ್ ಮಾಡಿದೆ).

ಕೇಸ್ಯಾನ್ ಎಂಬುದು ಕರ್ನಲ್ ಅಡ್ರೆಸ್ ಸ್ಯಾನಿಟೈಸರ್‌ನ ಹ್ರಸ್ವರೂಪ. ಆಂಡ್ರೇ ರ್ಯಾಬಿನಿನ್ ಬರೆದ ಇದು 2015ರಲ್ಲಿ ಬಂದ 4.0 ಆವೃತ್ತಿಯಲ್ಲಿ ಸೇರಿತು. ಕೆಮೆಮ್‌ಲೀಕ್ ಆಗಾಗ ಬಂದು ತಪಾಸಣೆ ಮಾಡುವಂಥದ್ದಾದರೆ, ಕೇಸ್ಯಾನ್ ಪ್ರತಿ ಬಾಗಿಲಿನಲ್ಲೂ ಕಾವಲು ಕೂರಿಸುವಂಥದ್ದು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಪ್ರತಿಯೊಂದು ಓದು ಮತ್ತು ಬರೆಹದ ಮೊದಲು ಒಂದು ಪರಿಶೀಲನೆಯನ್ನು ಸೇರಿಸುತ್ತದೆ. ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟಿನಂತೆ ಇರುವ ನೆರಳು ಪುಸ್ತಕದಲ್ಲಿ ಆ ಜಾಗ ಈಗ ಮುಟ್ಟಬಹುದಾದದ್ದೋ ಅಲ್ಲವೋ ಎಂದು ಬರೆದಿರುತ್ತದೆ. ಹಿಂದಿರುಗಿಸಿದ ತುಂಡನ್ನು ಇದು ತಕ್ಷಣ ಮತ್ತೊಬ್ಬರಿಗೆ ಕೊಡುವುದಿಲ್ಲ. ಕ್ವಾರಂಟೈನ್‌ನಲ್ಲಿ ಸ್ವಲ್ಪ ಕಾಲ ಇಟ್ಟುಕೊಳ್ಳುತ್ತದೆ, ಆ ಅವಧಿಯಲ್ಲಿ ಯಾರಾದರೂ ಮುಟ್ಟಿದರೆ ಸಿಕ್ಕಿಬೀಳುತ್ತಾರೆ. ಲೆಕ್ಕ ಹಾಕಿ ನೋಡಿದರೆ, 512 ಎಂಬಿಯ ಬೋರ್ಡಿನಲ್ಲಿ ನೆರಳಿಗೇ 64 ಎಂಬಿ ಹೋಗುತ್ತದೆ, ಮೆಮೊರಿಯ ಮೂವತ್ತೆರಡನೆಯ ಒಂದು ಭಾಗವಾದ 16 ಎಂಬಿಯವರೆಗೆ ಕ್ವಾರಂಟೈನ್ ಹಿಡಿಯಬಹುದು, ಕರ್ನಲ್ ಇಮೇಜ್ ದಪ್ಪವಾಗುವುದು, ವೇಗ ಕುಗ್ಗುವುದು ಬೇರೆ. ಆದ್ದರಿಂದ ಇದನ್ನು ತೋಟದ ಪೆಟ್ಟಿಗೆಯಲ್ಲಿ ಇಡಲಿಲ್ಲ. 4 ಜಿಬಿ ಮೆಮೊರಿಯ ಪೈ 4 ಬೋರ್ಡನ್ನು ಮೇಜಿನ ಮೇಲಿಟ್ಟು ಅದರಲ್ಲಿ ನಡೆಸಿದೆ. ಕರ್ನಲನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಕಾರ್ಡಿಗೆ ಹಾಕುವುದು ಉತ್ತಮ, ಬೋರ್ಡಿನಲ್ಲೇ ಕಟ್ಟಲು ಹೊರಟರೆ ನಮ್ಮ ಕಡೆಯ ವಿದ್ಯುತ್ತು ಅದು ಮುಗಿಯುವವರೆಗೆ ಇರುವುದಿಲ್ಲ.

ಡೇಟಾ ತಂತಿಯನ್ನು ಕಿತ್ತು, ಓದುವ ಕೆಲಸ ಸೆನ್ಸರಿನ ಉತ್ತರಕ್ಕಾಗಿ ಕಾಯುತ್ತಿರುವ ಹೊತ್ತಿನಲ್ಲೇ ಡ್ರೈವರನ್ನು ಅನ್‌ಬೈಂಡ್ ಮಾಡಿದೆ, ಎಂದರೆ ಸಾಧನದಿಂದ ಬಿಚ್ಚಿದೆ. ಮೊದಲ ಪ್ರಯತ್ನದಲ್ಲೇ ಪರದೆ ತುಂಬಿತು. ಮೊದಲ ಸಾಲು 'ಬಗ್: ಕೇಸ್ಯಾನ್: ಸ್ಲ್ಯಾಬ್-ಯೂಸ್-ಆಫ್ಟರ್-ಫ್ರೀ', ಅದರ ಮುಂದೆ ನನ್ನ ಓದುವ ಫಂಕ್ಷನ್ನಿನ ಹೆಸರು, ಎರಡನೆಯ ಸಾಲಿನಲ್ಲಿ ಕೆವರ್ಕರ್ ದಾರವು 8 ಬೈಟ್ ಓದಲು ಹೋಗಿದೆ ಎಂಬ ಮಾತು. ಅದರ ಕೆಳಗೆ ಮೂರು ಸರಣಿಗಳು: ಈಗ ಮುಟ್ಟಿದವರು ಯಾರು, ಈ ತುಂಡನ್ನು ಆಗ ಪಡೆದವರು ಯಾರು, ಹಿಂದಿರುಗಿಸಿದವರು ಯಾರು. ಪಡೆದದ್ದು ಡ್ರೈವರನ್ನು ಸಾಧನಕ್ಕೆ ಕಟ್ಟುವಾಗ ನಡೆಯುವ ಪ್ರೋಬ್ ಫಂಕ್ಷನ್, ಹಿಂದಿರುಗಿಸಿದ್ದು ರಿಮೂವ್, ಮುಟ್ಟಿದ್ದು ಇನ್ನೂ ಮುಗಿಯದ ನನ್ನದೇ ಕೆಲಸ. ಕೊನೆಯಲ್ಲಿ ಆ ಜಾಗದ ಸುತ್ತಲಿನ ನೆರಳು ಬೈಟ್‌ಗಳ ಚಿತ್ರ. ಹಿಂದಿರುಗಿಸಿದ ತುಂಡಿನುದ್ದಕ್ಕೂ ಎಫ್‌ಬಿ, ಎಫ್‌ಬಿ ಎಂದು ಸಾಲುಗಟ್ಟಿ, ಮುಟ್ಟಿದ ಜಾಗದ ಕೆಳಗೆ ಒಂದು ಬಾಣದ ಗುರುತು. ತಪ್ಪು ಒಂದೇ ಪದದ್ದಾಗಿತ್ತು. ರಿಮೂವ್‌ನಲ್ಲಿ ನಾನು 'ಕ್ಯಾನ್ಸಲ್ ಡಿಲೇಡ್ ವರ್ಕ್' ಎಂದು ಬರೆದಿದ್ದೆ. ಅದು ಸರದಿಯಲ್ಲಿರುವ ಕೆಲಸವನ್ನು ತೆಗೆಯುತ್ತದೆಯೇ ಹೊರತು, ಈಗಾಗಲೇ ನಡೆಯುತ್ತಿರುವ ಕೆಲಸ ಮುಗಿಯಲೆಂದು ಕಾಯುವುದಿಲ್ಲ. ಕಾಯುವುದು 'ಸಿಂಕ್' ಎಂದು ಕೊನೆಗೊಳ್ಳುವ ಅದರ ಜೊತೆಯ ಫಂಕ್ಷನ್. ತನ್ನನ್ನು ತಾನೇ ಮತ್ತೆ ಸರದಿಗೆ ಹಾಕಿಕೊಳ್ಳುವ ಕೆಲಸವನ್ನೂ ಅದು ಪೂರ್ತಿ ನಿಲ್ಲಿಸಿ ಹಿಂದಿರುಗುತ್ತದೆ. ಪಂಕ್ತಿ ಎದ್ದ ಮೇಲೆ ಕೊಳಗ ಕಳುಹಿಸುವ ಆ ಒಂದು ಪದವನ್ನು ಸೇರಿಸಿದ ಮೇಲೆ ಸಾವಿರ ಬಾರಿ ಬಿಚ್ಚಿ ಕಟ್ಟಿದರೂ ಕೇಸ್ಯಾನ್ ಮೌನವಾಗಿತ್ತು.

ಕೇಸ್ಯಾನ್ ಇಲ್ಲದ ಕರ್ನಲ್‌ನಲ್ಲಿ ಇದೇ ತಪ್ಪು ನೂರು ಬಾರಿ ಕಾಣಿಸದೆ ಹೋದದ್ದೇಕೆ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ಹಿಂದಿರುಗಿಸಿದ ತುಂಡಿನಲ್ಲಿ ಹಳೆಯ ಅಂಕಿಗಳು ಹಾಗೆಯೇ ಉಳಿದಿರುತ್ತವೆ. ಬೇರೆ ಯಾರೂ ಅದನ್ನು ಪಡೆದು ಬರೆಯುವವರೆಗೆ, ತನ್ನದಲ್ಲದ ಮೆಮೊರಿಯನ್ನು ಓದಿದ ಕೋಡಿಗೂ ಸರಿಯಾದ ಉತ್ತರವೇ ಸಿಗುತ್ತದೆ. ಮೇಜಿನ ಮೇಲೆ ಬಿಡುವಾಗಿ ಕುಳಿತ ಬೋರ್ಡಿನಲ್ಲಿ ಮತ್ತೊಬ್ಬರು ಬರುವುದೇ ಅಪರೂಪ. ಈ ಕಾರಣಕ್ಕಾಗಿ, ಕೇಸ್ಯಾನ್ ಕಟ್ಟಲು ಆಗದವರಿಗೆ ಸ್ಲಬ್ ಡೀಬಗ್ ಎಂಬ ಬೂಟ್ ಆಯ್ಕೆಯನ್ನು ಬಲವಾಗಿ ಶಿಫಾರಸು ಮಾಡುತ್ತೇನೆ. ಬಹಳಷ್ಟು ವಿತರಣೆಗಳ ಕರ್ನಲ್‌ನಲ್ಲಿ ಇದು ಮೊದಲೇ ಸೇರಿರುತ್ತದೆ, ಕರ್ನಲನ್ನು ಮತ್ತೆ ಕಟ್ಟಬೇಕಾಗಿಲ್ಲ. ವಿಷ ಹಾಕುವ ಆಯ್ಕೆಯನ್ನು ಕೊಟ್ಟರೆ ಹಿಂದಿರುಗಿಸಿದ ತುಂಡನ್ನೆಲ್ಲ ಅದು 6ಬಿ ಎಂಬ ಬೈಟಿನಿಂದ ತುಂಬಿ, ಕೊನೆಯ ಬೈಟಿಗೆ ಎ5 ಹಾಕುತ್ತದೆ. ಕರ್ನಲ್ ಬಿದ್ದಾಗಿನ ವರದಿಯ ರಿಜಿಸ್ಟರ್‌ಗಳಲ್ಲಿ 6ಬಿ6ಬಿ6ಬಿ6ಬಿ ಎಂಬ ಸಾಲು ಕಂಡರೆ, ಹಿಂದಿರುಗಿಸಿದ ಮೆಮೊರಿಯಿಂದ ಪಾಯಿಂಟರ್ (ಮೆಮೊರಿಯ ವಿಳಾಸ) ಓದಿದ್ದಾರೆ ಎಂದು ಬೇರೆ ಯೋಚನೆಯಿಲ್ಲದೆ ಹೇಳಬಹುದು. ಯಾರು ಹಿಂದಿರುಗಿಸಿದರು ಎಂಬುದನ್ನು ಮಾತ್ರ ಇದು ಕೇಸ್ಯಾನ್‌ನಷ್ಟು ನೇರವಾಗಿ ಮುಂದಿಡುವುದಿಲ್ಲ.

ಕೇಸ್ಯಾನ್‌ನಲ್ಲಿ ನನಗೆ ತೊಡಕೆನಿಸಿದ್ದು ಎರಡು. ರೂಢಿಯ ಸ್ಥಿತಿಯಲ್ಲಿ ಅದು ಮೊದಲ ತಪ್ಪನ್ನು ಮಾತ್ರ ವರದಿ ಮಾಡಿ ಸುಮ್ಮನಾಗುತ್ತದೆ. ಮಲ್ಟಿ ಶಾಟ್ ಎಂಬ ಬೂಟ್ ಆಯ್ಕೆಯನ್ನು ಕೊಟ್ಟರಷ್ಟೇ ಮುಂದಿನವೂ ಬರುತ್ತವೆ. ಎರಡನೆಯದು ಇನ್ನೂ ಮುಖ್ಯ: ನಡೆಯದ ದಾರಿಯ ತಪ್ಪನ್ನು ಅದು ತೋರಿಸಲಾರದು. ತಂತಿ ಕೀಳುವ ಯೋಚನೆ ನನಗೆ ಬಾರದಿದ್ದರೆ ಕೇಸ್ಯಾನ್ ಕೂಡ ನೂರು ಬಾರಿಯೂ ಮೌನವಾಗಿಯೇ ಇರುತ್ತಿತ್ತು. ಅಂಥ ದಾರಿಗಳನ್ನು ಬಲವಂತವಾಗಿ ನಡೆಸಲು ಕರ್ನಲ್‌ನಲ್ಲಿ ಫೇಲ್‌ಸ್ಲ್ಯಾಬ್ ಎಂಬ ವ್ಯವಸ್ಥೆಯಿದೆ; ಕೇಳಿದ ಮೆಮೊರಿ ಸಿಗಲಿಲ್ಲವೆಂದು ಅದು ಬೇಕೆಂದೇ ಹೇಳಿಸುತ್ತದೆ. ಕೇಸ್ಯಾನ್ ಜೊತೆಗೆ ಇದನ್ನು ನಡೆಸಿದ ದಿನವೇ ನನ್ನ ಪ್ರೋಬ್ ಫಂಕ್ಷನ್ನಿನ ತಪ್ಪಿನ ದಾರಿಯಲ್ಲಿ ಒಂದೇ ತುಂಡಿಗೆ ಎರಡು ಕೆಫ್ರೀ ಇದ್ದದ್ದು ಹೊರಬಂತು.

ತೋಟದ ಪೆಟ್ಟಿಗೆಯಲ್ಲಿ ಈಗ ಸದಾ ಇರುವುದು ಕೆಫೆನ್ಸ್. 2021ರಲ್ಲಿ 5.12ನೆಯ ಆವೃತ್ತಿಯೊಂದಿಗೆ ಬಂದ ಇದು ಎಲ್ಲ ತುಂಡುಗಳನ್ನೂ ಕಾಯುವುದಿಲ್ಲ. ರೂಢಿಯಂತೆ 100 ಮಿಲಿಸೆಕೆಂಡಿಗೆ ಒಂದರಂತೆ ಆಯ್ದು, ಕಾವಲು ಪುಟಗಳ ನಡುವೆ ಇಟ್ಟು ನೋಡುತ್ತದೆ. 255 ತುಂಡುಗಳಿಗೆ ಇದು ಹಿಡಿಯುವುದು 2 ಎಂಬಿ ಮಾತ್ರ, ವೇಗದಲ್ಲಿ ವ್ಯತ್ಯಾಸ ನನಗೆ ಕಂಡಿಲ್ಲ. ಮೇಜಿನ ಮೇಲೆ ಕೆಲವೇ ಗಂಟೆ ನಡೆಸುವವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ನಡೆಯುವ ಯಂತ್ರಕ್ಕೆ ಇದನ್ನು ಹಾಕದಿರಲು ಕಾರಣವೂ ಇಲ್ಲ.

ಇಷ್ಟು ಹೊತ್ತು ಹೇಳಿದವೆಲ್ಲ ತಪ್ಪು ನಡೆದ ಮೇಲೆ ತೋರಿಸುವಂಥವು. ತಪ್ಪನ್ನು ಬರೆಯದಂತೆ ತಡೆಯುವುದು ಬೇರೆಯದು, ಅದರಲ್ಲಿ ನಾನು ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ. ಹಳೆಯ ದಾರಿ ಗೋಟು: ಫಂಕ್ಷನ್ನಿನ ಕೊನೆಯಲ್ಲಿ, ಪಡೆದ ಕ್ರಮಕ್ಕೆ ತಿರುವುಮುರುವಾಗಿ ಹಿಂದಿರುಗಿಸುವ ಮೆಟ್ಟಿಲುಗಳನ್ನು ಬರೆದು, ಎಲ್ಲಿ ಸೋತರೂ ತಕ್ಕ ಮೆಟ್ಟಿಲಿಗೆ ಹಾರುವುದು. ಕರ್ನಲ್‌ನ ಬಹುಪಾಲು ಕೋಡ್ ಹೀಗೆಯೇ ಇದೆ, ಚೆನ್ನಾಗಿ ಬರೆದರೆ ಇದರಷ್ಟು ಸ್ಪಷ್ಟವಾದದ್ದಿಲ್ಲ. ಆದರೆ ನಡುವೆ ಹೊಸದೊಂದನ್ನು ಪಡೆಯುವ ಸಾಲು ಸೇರಿದಾಗ ಕೆಳಗಿನ ಮೆಟ್ಟಿಲನ್ನೂ ಸೇರಿಸಬೇಕೆಂಬುದು ನೆನಪಿನ ಮೇಲೆ ನಿಂತಿದೆ. ನನ್ನ ಮೊದಲ ಸೋರಿಕೆ ಹುಟ್ಟಿದ್ದು ಹಾಗೆಯೇ. ಬಫರ್ ಪಡೆಯುವ ಸಾಲನ್ನು ನಾನು ಆರು ತಿಂಗಳ ನಂತರ ಸೇರಿಸಿದ್ದೆ.

ಎರಡನೆಯದು ಡೆವ್‌ಎಂ ಎಂದು ಶುರುವಾಗುವ ಫಂಕ್ಷನ್‌ಗಳು. ಇವುಗಳಿಂದ ಪಡೆದ ಮೆಮೊರಿ ಸಾಧನಕ್ಕೆ ಅಂಟಿಕೊಂಡಿದ್ದು, ಪ್ರೋಬ್ ಸೋತಾಗ ಅಥವಾ ಡ್ರೈವರ್ ಬಿಟ್ಟುಹೋದಾಗ ತಾನೇ ಹಿಂದಿರುಗುತ್ತದೆ. ಸಣ್ಣ ಡ್ರೈವರಿಗೆ ಇದು ನಿಜವಾದ ವರ. ಅದರೊಂದಿಗೆ ಕೆಫ್ರೀಯನ್ನೂ ಬರೆದರೆ ಎರಡು ಬಾರಿ ಹಿಂದಿರುಗಿಸಿದಂತಾಗುತ್ತದೆ ಎಂಬುದು ಎಲ್ಲರಿಗೂ ಬೇಗ ತಿಳಿಯುತ್ತದೆ. ತಡವಾಗಿ ತಿಳಿಯುವುದು ಇನ್ನೊಂದು. ಒಂದು ಪ್ರೋಗ್ರಾಮ್ ನಿಮ್ಮ ಸಾಧನದ ಫೈಲನ್ನು ತೆರೆದಿಟ್ಟುಕೊಂಡಿರುವಾಗಲೇ ಡ್ರೈವರ್ ಬಿಟ್ಟುಹೋದರೆ, ಫೈಲ್ ಇನ್ನೂ ಬದುಕಿರುತ್ತದೆ, ಅದು ನಂಬಿಕೊಂಡ ಮೆಮೊರಿ ಹೋಗಿರುತ್ತದೆ. ಅಂಥಲ್ಲಿ ಎಷ್ಟು ಮಂದಿ ಹಿಡಿದಿದ್ದಾರೆಂದು ಎಣಿಸುವ ಕೆರೆಫ್ ಇಟ್ಟು, ಕೊನೆಯವರು ಕೈಬಿಟ್ಟಾಗ ಮಾತ್ರ ಹಿಂದಿರುಗುವಂತೆ ಮಾಡಬೇಕು. ಡಿವೈಸ್ ಸ್ಟ್ರಕ್ಚರ್‌ನ ನಿಯಮವೂ ಇದೇ: ಅದನ್ನು ನೋಂದಾಯಿಸಿದ ಮೇಲೆ ನೇರವಾಗಿ ಕೆಫ್ರೀ ಮಾಡುವ ಹಕ್ಕು ನಮಗಿಲ್ಲ, ಪುಟ್ ಡಿವೈಸ್ ಮಾಡಿ, ಎಂದರೆ ನಮ್ಮ ಹಿಡಿತವನ್ನಷ್ಟೇ ಬಿಟ್ಟು, ಸುಮ್ಮನಿರಬೇಕು.

ಮೂರನೆಯದು 2023ರಲ್ಲಿ 6.5ನೆಯ ಆವೃತ್ತಿಯೊಂದಿಗೆ ಪೀಟರ್ ಜೈಲ್‌ಸ್ಟ್ರಾ ತಂದ ಕ್ಲೀನಪ್ ವ್ಯವಸ್ಥೆ. ಕಂಪೈಲರ್ ಮೊದಲೇ ಒದಗಿಸಿದ್ದ ಒಂದು ಗುಣದ ಮೇಲೆ ಇದು ನಿಂತಿದೆ: ಪಾಯಿಂಟರನ್ನು ಘೋಷಿಸುವಾಗಲೇ ಅದರ ಮೇಲೆ 'ಫ್ರೀ, ಕೆಫ್ರೀ' ಎಂದು ಗುರುತು ಹಾಕಿದರೆ, ಆ ಆವರಣದಿಂದ ಯಾವ ಬಾಗಿಲಲ್ಲಿ ಹೊರಬಂದರೂ ಕಂಪೈಲರೇ ಹಿಂದಿರುಗಿಸುತ್ತದೆ. ನನ್ನ ಓದುವ ಫಂಕ್ಷನ್ನಿನಲ್ಲಿ ಐದು ಕಡೆ ಇದ್ದ ಕೆಫ್ರೀ ಹೋಗಿ, ಬಫರ್ ಪಡೆಯುವ ಒಂದೇ ಸಾಲು ಉಳಿಯಿತು. ತೇವಕ್ಕೆ ಸೋಲುವ ಸೆನ್ಸರನ್ನು ಕಟ್ಟಿಕೊಂಡವನಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಇದನ್ನು ಬಳಸುವ ಶಿಸ್ತು ಬೇರೆ. ಬಫರನ್ನು ಪಟ್ಟಿಗೆ ಸೇರಿಸಿದ ಮೇಲೆ ಅದು ನಮ್ಮದಲ್ಲ; 'ನೋ ಫ್ರೀ ಪಾಯಿಂಟರ್' ಎಂಬುದರ ಮೂಲಕ ಹಸ್ತಾಂತರಿಸದಿದ್ದರೆ, ಫಂಕ್ಷನ್ ಮುಗಿಯುತ್ತಿದ್ದಂತೆ ಪಟ್ಟಿಯಲ್ಲಿರುವ ತುಂಡನ್ನೇ ಕಂಪೈಲರ್ ಹಿಂದಿರುಗಿಸಿಬಿಡುತ್ತದೆ. ಘೋಷಿಸುವುದನ್ನೂ ಪಡೆಯುವುದನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು, ಏಕೆಂದರೆ ಘೋಷಿಸಿದ ಕ್ರಮಕ್ಕೆ ತಿರುವುಮುರುವಾಗಿ ಬಿಡುಗಡೆ ನಡೆಯುತ್ತದೆ. ಪಾಯಿಂಟರನ್ನು ಮೇಲೆಲ್ಲೋ ಬರಿದಾಗಿ ಘೋಷಿಸಿ, ಆಮೇಲೆ ಬೀಗ (ಒಂದೇ ಮಾಹಿತಿಯನ್ನು ಇಬ್ಬರು ಏಕಕಾಲಕ್ಕೆ ಮುಟ್ಟದಂತೆ ತಡೆಯುವ ಲಾಕ್) ಹಾಕಿದರೆ, ಹೋಗುವಾಗ ಬೀಗ ಮೊದಲು ತೆರೆದು ಮೆಮೊರಿ ಆಮೇಲೆ ಹಿಂದಿರುಗುತ್ತದೆ. ಒಂದೇ ಫಂಕ್ಷನ್ನಿನಲ್ಲಿ ಗೋಟು ಮತ್ತು ಇದನ್ನು ಬೆರೆಸಬಾರದೆಂದು ಕರ್ನಲ್‌ನವರೇ ಹೇಳುತ್ತಾರೆ, ನಾನು ಬೆರೆಸಲು ಹೋಗಿ ಅರ್ಧ ದಿನ ಕಳೆದಿದ್ದರಿಂದ ಆ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಳೆಯ ಕರ್ನಲ್‌ಗೆ ಕಟ್ಟಿಹಾಕಿಕೊಂಡ ಬೋರ್ಡಿನವರಿಗೆ ಇದು ಸಿಗದು.

ಮಾಹಿತಿ ಕಳುಹಿಸುವ ಗುಪ್ತ ಕೀಲಿಯನ್ನು ಡ್ರೈವರಿನೊಳಗೆ ಇಟ್ಟುಕೊಳ್ಳುವವರು ಬರಿಯ ಕೆಫ್ರೀ ಬಳಸಬಾರದು. ಮೇಲೆ ಹೇಳಿದಂತೆ ಹಿಂದಿರುಗಿಸಿದ ತುಂಡಿನಲ್ಲಿ ಹಳೆಯದು ಉಳಿದೇ ಇರುತ್ತದೆ. ಒರೆಸಿ ಹಿಂದಿರುಗಿಸುವ ಕೆಫ್ರೀ ಸೆನ್ಸಿಟಿವ್ ಇರುವುದು ಅದಕ್ಕಾಗಿ. 2020ರವರೆಗೆ ಕೆಝಡ್‌ಫ್ರೀ ಎಂಬ ಹೆಸರಿನಲ್ಲಿದ್ದದ್ದು ಇದೇ.

ಬಳಸಲು ಹೊರಟವರಿಗೆ ನನ್ನ ತೀರ್ಪು ಇಷ್ಟು. ಮೊದಲ ಬಾರಿಗೆ ಡ್ರೈವರ್ ಬರೆಯುತ್ತಿರುವವರು ಕೆಮೆಮ್‌ಲೀಕ್‌ನಿಂದ ಶುರುಮಾಡಬೇಕು. ಕಲಿಯಲು ಒಂದು ಸಂಜೆ ಸಾಕು, ಸಣ್ಣ ಬೋರ್ಡಿನಲ್ಲೂ ನಡೆಯುತ್ತದೆ. ಡ್ರೈವರಿನಲ್ಲಿ ಟೈಮರ್, ವರ್ಕ್‌ಕ್ಯೂ, ಇಂಟರಪ್ಟ್ ಯಾವುದಾದರೂ ಒಂದಿದ್ದರೆ ಕೇಸ್ಯಾನ್ ನಡೆಸದೆ ಅದನ್ನು ಮೇಜಿನಿಂದ ಹೊರಗೆ ಕಳುಹಿಸಬಾರದು, ಅದಕ್ಕಾಗಿ ದೊಡ್ಡ ಬೋರ್ಡನ್ನು ಯಾರಿಂದಲಾದರೂ ಒಂದು ವಾರಕ್ಕೆ ಕೇಳಿ ತಂದರೂ ಸರಿಯೇ. ಹೊಸದಾಗಿ ಬರೆಯುವ ಕೋಡಿನಲ್ಲಿ ಕ್ಲೀನಪ್ ಗುರುತನ್ನು ಬಳಸಿ. ಸರಿಯಾಗಿ ನಡೆಯುತ್ತಿರುವ ಹಳೆಯ ಗೋಟು ಕೋಡನ್ನು ಅದಕ್ಕಾಗಿಯೇ ಬಿಚ್ಚಬೇಡಿ.

ತಿದ್ದಿದ ಡ್ರೈವರನ್ನು ಈ ವರ್ಷ ರೋಹಿಣಿ ಮಳೆಗೆ ಮೊದಲೇ ತೋಟದ ಪೆಟ್ಟಿಗೆಗೆ ಹಾಕಿದೆ. ಕನೆಕ್ಟರ್ ಹಳೆಯದೇ ಇದೆ, ಅದನ್ನು ಬೇಕೆಂದೇ ಬದಲಾಯಿಸಲಿಲ್ಲ. ಮಳೆ ಜೋರಾದ ದಿನಗಳಲ್ಲಿ ಓದುಗಳು ಹಿಂದಿನಂತೆಯೇ ಸೋತವು. ದಿನಕ್ಕೊಮ್ಮೆ ಬರೆದಿಡುವ ಸ್ಲ್ಯಾಬ್ ಲೆಕ್ಕದಲ್ಲಿ 4 ಕೆಬಿ ತುಂಡುಗಳ ಸಾಲು ಆಷಾಢ ಕಳೆದು ಶ್ರಾವಣ ಮುಗಿಯುವವರೆಗೂ ಸ್ವಲ್ಪ ಏರಿ ಸ್ವಲ್ಪ ಇಳಿದು ಅಲ್ಲಿಯೇ ನಿಂತಿದೆ. ಚಿಕ್ಕಪ್ಪ ಎರಡನೆಯ ಸಲದ ಬೋರ್ಡೋ ಹೊಡೆಸಿದ ದಿನವೂ ಪೆಟ್ಟಿಗೆ ಅಂಕಿ ಕಳುಹಿಸುತ್ತಿತ್ತು.